ಬೆಕ್ಕಿನ ಹೊಟ್ಟೆಯೂ ಬುದ್ಧಿವಂತರ ತಲೆಯೂ

ಬೆಂಗಳೂರಿನ ಬ್ರೂಕ್‌ಫೀಲ್ಡ್‌ನಲ್ಲಿ ಪ್ರಾಣಿಗಳ ಕ್ಲಿನಿಕ್ ಇಟ್ಟುಕೊಂಡವಳಿಗೆ ನಗುವುದಕ್ಕೆ ಟಿ.ವಿ. ಹಾಕಬೇಕಾಗಿಲ್ಲ, ಬಾಗಿಲು ತೆರೆದಿಟ್ಟರೆ ಸಾಕು. ಕಾಯಿಲೆ ಬಿದ್ದ ಪ್ರಾಣಿ ಒಂದು ಮೂಲೆ ಹಿಡಿದು ತೆಪ್ಪಗೆ ಮಲಗುತ್ತದೆ. ಅದನ್ನು ಎತ್ತಿಕೊಂಡು ಬಂದವರಿಗೇ ನಿಜವಾದ ಚಿಕಿತ್ಸೆ ಬೇಕಿರುತ್ತದೆ. ನಮ್ಮ ನೆಂಟರು ಇವತ್ತಿಗೂ ನನ್ನನ್ನು ದನದ ಡಾಕ್ಟ್ರು ಎಂದೇ ಕರೆಯುತ್ತಾರೆ. ದನ ನೋಡುವ ಭಾಗ್ಯ ನನಗೆಲ್ಲಿ ಬಂತು? ಸುತ್ತಮುತ್ತ ಎಲ್ಲಾ ಗಾಜಿನ ಕಟ್ಟಡ, ಅವುಗಳ ಮುಂದೆ ಹಾಸಿದ ಹುಲ್ಲೂ ಪ್ಲಾಸ್ಟಿಕ್ಕಿನದು.

ಈಗ ಹೇಳುತ್ತಿರುವುದು ಮನುಷ್ಯರಿಗೆ ಕೊರೊನಾ ಬರುವುದಕ್ಕೆ ಸ್ವಲ್ಪ ಮುಂಚಿನ ಮಾತು. ಆಗ ಆ ಹೆಸರು ಗೊತ್ತಿದ್ದದ್ದು ನಮ್ಮಂಥವರಿಗೆ ಮಾತ್ರ. ಬೆಕ್ಕಿಗೂ ಒಂದು ಕೊರೊನಾ ಇದೆ. ಅದೇ ಬೇರೆ, ಆಮೇಲೆ ಬಂದ ಮನುಷ್ಯರದ್ದೇ ಬೇರೆ. ನಾಲ್ಕಾರು ಬೆಕ್ಕು ಒಟ್ಟಿಗೆ ಇರುವ ಕಡೆ ಬಹುಪಾಲು ಬೆಕ್ಕುಗಳ ಕರುಳಿನಲ್ಲಿ ಅದು ಇದ್ದೇ ಇರುತ್ತದೆ, ಒಂದಿಷ್ಟು ಭೇದಿ ಮಾಡಿಸಿ ಸುಮ್ಮನಾಗುತ್ತದೆ. ಎಲ್ಲೋ ಅಪರೂಪಕ್ಕೆ ಒಂದು ಬೆಕ್ಕಿನ ಮೈಯೊಳಗೆ ಮಾತ್ರ ಅದು ವೇಷ ಬದಲಿಸಿ, ಹೊಟ್ಟೆಯಲ್ಲಿ ನೀರು ತುಂಬಿಸಿ, ಪ್ರಾಣ ತೆಗೆಯುತ್ತದೆ. ವಿಷಯ ಇಷ್ಟೇ. ಇಷ್ಟನ್ನು ವಿದ್ಯಾವಂತರ ತಲೆಗೆ ತುಂಬಲು ಹೋಗಿ ನಾನು ಪಟ್ಟ ಪಾಡು, ಕೋಣನ ಮುಂದೆ ಕಿನ್ನರಿ ಬಾರಿಸಿದವನ ಪಾಡು. ಕೋಣಕ್ಕಾದರೂ ತಾನು ಕೋಣ ಅನ್ನುವುದು ಗೊತ್ತಿರುತ್ತದೆ.

ಪಾಸು, ಫೇಲು

ನನ್ನ ಕ್ಲಿನಿಕ್ಕಿನ ಎದುರಿಗೇ ಒಂದು ದೊಡ್ಡ ಅಪಾರ್ಟ್‌ಮೆಂಟ್. ಅಲ್ಲಿ ಯಾರೋ ಸಾಕಿದ್ದ ಪರ್ಷಿಯನ್ ಬೆಕ್ಕು ಹೊಟ್ಟೆ ಊದಿಕೊಂಡು ಸತ್ತಿತು. ಸಾಕಿದವರು ಅತ್ತರು. ಅವರ ದುಃಖಕ್ಕೆ ನನ್ನ ತಕರಾರಿಲ್ಲ. ಆದರೆ ಮಾರನೆಯ ದಿನವೇ ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿ ನನ್ನ ಕ್ಲಿನಿಕ್ಕಿಗೆ ಬಂದು ಕೂತರು. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕ್ವಾಲಿಟಿ ವಿಭಾಗಕ್ಕೆ ಮುಖ್ಯಸ್ಥರು. ಇಡೀ ದಿನ ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದೇ ಅವರ ಕೆಲಸ. ಮನೆಗೆ ಬಂದ ಮೇಲೂ ಆ ಚಟ ಬಿಟ್ಟಿರಲಿಲ್ಲ.

"ಮೇಡಂ, ನಮ್ಮ ಕಾಂಪ್ಲೆಕ್ಸ್‌ನಲ್ಲಿರೋ ಎಲ್ಲಾ ಬೆಕ್ಕಿಗೂ ಕೊರೊನಾ ಬ್ಲಡ್ ಟೆಸ್ಟ್ ಮಾಡಿಸ್ಬಿಡೋಣ. ಪಾಸಾದ್ರೆ ಇರ್ಲಿ, ಫೇಲಾದ್ರೆ ಔಟ್."

"ಸಾರ್, ಆ ಟೆಸ್ಟು ಹೇಳೋದು ವೈರಸ್ ಯಾವತ್ತೋ ಒಂದು ದಿನ ಬಂದಿತ್ತು ಅಂತ ಅಷ್ಟೇ. ಬೆಕ್ಕಿಗೆ ಕಾಯಿಲೆ ಇದೆ ಅಂತಲ್ಲ."

"ಅಂದ್ರೆ ಟೆಸ್ಟ್ ವೇಸ್ಟಾ?"

"ಈ ಕೆಲಸಕ್ಕಂತೂ ವೇಸ್ಟು."

ಅವರು ಗಂಭೀರವಾಗಿ ಯೋಚಿಸಿದರು. "ಹಾಗಾದ್ರೆ ಎರಡು ಸಲ ಮಾಡಿಸೋಣ," ಎಂದರು.

ನಾನು ಮಾಡುವುದಿಲ್ಲ ಎಂದೆ. ಬೇರೆ ಯಾರೋ ಮಾಡಿಕೊಟ್ಟರು. ಬೆಂಗಳೂರಿನಲ್ಲಿ ಬೇಡದ ಪರೀಕ್ಷೆ ಮಾಡಿಕೊಡುವವರಿಗೆ ಬರಗಾಲವೇ? ಒಂದು ಬೆಕ್ಕು ಬಿಟ್ಟು ಮಿಕ್ಕವೆಲ್ಲ ಫೇಲಾದವು. ಫೇಲಾದವನ್ನು ಹೊರಗೆ ಹಾಕಲು ಮನೆಯವರು ಬಿಡಲಿಲ್ಲ, ದೊಡ್ಡ ಜಗಳವಾಯಿತು. ಕೊನೆಗೆ ರಾಜಿಯಾಗಿ ಅವನ್ನೆಲ್ಲ ಕ್ಲಬ್‌ಹೌಸಿನ ಯೋಗ ಕೋಣೆಯಲ್ಲಿ ಕೂಡಿಹಾಕಿದರು. ಎಲ್ಲಕ್ಕೂ ಸೇರಿ ಒಂದೇ ತಟ್ಟೆ, ಹೊರಕಡೆಗೆ ಒಂದೇ ಮರಳಿನ ಟ್ರೇ. ಈ ವೈರಸ್ಸು ಹರಡುವುದೇ ಆ ಟ್ರೇಯಿಂದ. ಒಟ್ಟಿಗೆ ಇಟ್ಟರೆ ಹೆಚ್ಚಾಗುವ ಕಾಯಿಲೆಗೆ ಒಟ್ಟಿಗೆ ಇಡುವುದೇ ಔಷಧವೆಂದು ಕಂಡುಹಿಡಿದ ಮಹಾನುಭಾವರು ಇವರೊಬ್ಬರೇ ಇರಬೇಕು.

ಬೆಕ್ಕು ಸಾಕಿದವರ ಒತ್ತಾಯಕ್ಕೆ ನೋಡಲು ಹೋದೆ. ಇಡೀ ಕೋಣೆ ನಾರುತ್ತಿತ್ತು. ಒಂದು ಮೂಲೆಯಲ್ಲಿ, ಕೊರಳಿಗೆ ಹಸಿರು ರಿಬ್ಬನ್ ಕಟ್ಟಿದ್ದ ಒಂದು ಬೆಕ್ಕು ಮುದುಡಿ ಕೂತಿತ್ತು. ಹಸಿರು ರಿಬ್ಬನ್ನೆಂದರೆ ಪಾಸು.

"ಸಾರ್, ಇದು ಪಾಸಾದ ಬೆಕ್ಕಲ್ವಾ? ಇದ್ಯಾಕೆ ಇಲ್ಲಿದೆ?"

"ಏನ್ ಮಾಡೋದು ಮೇಡಂ, ಪಾಸಾದವಕ್ಕೆ ಅಂತ ಇಟ್ಟಿದ್ದ ಪಕ್ಕದ ರೂಮಲ್ಲಿ ಜುಂಬಾ ಡಾನ್ಸ್ ಕ್ಲಾಸ್ ಇದೆ."

ನುಗ್ಗೆಕಾಯಿ ನಾರು

ಆ ಯೋಗ ಕೋಣೆಯ ವಾಸ ಮುಗಿಸಿ ಬಂದ ಬೆಕ್ಕುಗಳಲ್ಲಿ ಒಂದರ ಹೆಸರು ಸಿದ್ದ. ಕಿತ್ತಳೆ ಬಣ್ಣ, ಹರಿದ ಕಿವಿ, ಯಾರಿಗೂ ಕೇರ್ ಮಾಡದ ಮುಖ. ಅವನನ್ನು ಸಾಕಿದವರು ದಾವಣಗೆರೆಯ ಕಡೆಯ ಒಬ್ಬ ಅಜ್ಜಿ. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಮಾತು. ಮಗ ಸೊಸೆ ಇಬ್ಬರೂ ಐಟಿಯವರು. ಬಿಡುವಿಲ್ಲ ಎಂದು ಹೇಳುವುದಕ್ಕೆ ಮಾತ್ರ ಅವರಿಗೆ ಬಿಡುವಿರುತ್ತಿತ್ತು. ಒಂದು ದಿನ ಅಜ್ಜಿ ಸಿದ್ದನನ್ನು ತರಕಾರಿ ಬುಟ್ಟಿಯಲ್ಲಿ ಹಾಕಿಕೊಂಡು, ಮೇಲೆ ಹಳೇ ಸೀರೆಯ ತುಂಡು ಮುಚ್ಚಿಕೊಂಡು ಬಂದರು. ಹಿಂದೆ ಮಗ, ಕಿವಿಗೆ ಫೋನ್ ಒತ್ತಿಕೊಂಡು.

"ಡಾಕ್ಟ್ರಮ್ಮ, ಊಟ ಬಿಟ್ಟೈತೆ. ಮೈ ಸುಡತೈತೆ. ಹೊಟ್ಟಿ ನೋಡಿದ್ರೆ ಗಣಪ್ಪನ ಹೊಟ್ಟಿ ಆಗೈತೆ."

ಮುಟ್ಟಿ ನೋಡಿದೆ. ಹೊಟ್ಟೆಯ ತುಂಬ ನೀರು, ಬೆನ್ನಿನ ಮೂಳೆ ಚೂಪಾಗಿ ಕೈಗೆ ಸಿಗುತ್ತಿತ್ತು. ಬೇರೆ ಏನಾದರೂ ಆಗಿರಲಿ ದೇವರೇ ಎಂದುಕೊಂಡೆ. ಪುಸ್ತಕಗಳ ಪ್ರಕಾರ ಆ ವೇಷ ಬದಲಿಸಿದ ಕೊರೊನಾಕ್ಕೆ ಔಷಧವೇ ಇರಲಿಲ್ಲ.

"ಏನ್ ಊಟ ಕೊಡ್ತೀರಿ ಅಜ್ಜಿ?"

"ನಾವು ಲಿಂಗ ಕಟ್ಟಿದೋರು ಕಣಮ್ಮ, ಮನ್ಯಾಗೆ ಮೊಟ್ಟಿನೂ ಇಲ್ಲ. ಇದಕ್ಕೂ ಮೊಸರನ್ನ, ಹಾಲು, ಮುದ್ದೆ. ಸೋಮವಾರ ಅಂತೂ ಹಾಲು ಬಿಟ್ಟು ಏನೂ ಮುಟ್ಟಲ್ಲ. ಉಪವಾಸ."

ಮಗ ಫೋನಿಗೆ ಕೈ ಅಡ್ಡ ಇಟ್ಟು, "ಪ್ಯೂರ್ ವೆಜ್ ಕ್ಯಾಟ್ ಮೇಡಂ, ವೆರಿ ರೇರ್," ಎಂದು ಸೇರಿಸಿದ. ನಾನು ಸಿದ್ದನ ಬಾಯಿ ಮೂಸಿದೆ. ಅಪಾರ್ಟ್‌ಮೆಂಟಿನ ಹಿಂದೆ ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳಿವೆ. ಅಲ್ಲಿ ಸಂಜೆ ಒಣಮೀನು ಹುರಿದರೆ ನನ್ನ ಕ್ಲಿನಿಕ್ಕಿನವರೆಗೂ ಘಮ್ಮೆನ್ನುತ್ತದೆ. ಸಿದ್ದನ ಸೋಮವಾರಗಳು ಎಲ್ಲಿ ಕಳೆಯುತ್ತಿದ್ದವು ಎಂದು ನನಗೆ ತಕ್ಷಣ ತಿಳಿಯಿತು.

ಎಕ್ಸ್‌ರೇ ತೆಗೆದೆ. ನೀರಿನ ಮಬ್ಬಿನ ನಡುವೆಯೂ ಕರುಳಿನಲ್ಲಿ ಒಂದು ಮೀನಿನ ಮುಳ್ಳು ಬಾಚಣಿಗೆಯ ಹಾಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಮಗ ಅದನ್ನು ನೋಡಿದ, ತಾಯಿಯನ್ನು ನೋಡಿದ, ಮತ್ತೆ ಫೋನಿಗೆ ಶರಣಾದ. ಅಜ್ಜಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಪರೀಕ್ಷೆ ಮಾಡಿದರು. ಸಿದ್ದ ಕಣ್ಣು ಮುಚ್ಚಿಕೊಂಡಿದ್ದ.

"ನಿನ್ನೆ ಸಾರಿಗೆ ನುಗ್ಗೀಕಾಯಿ ಹಾಕಿದ್ದೆ ಕಣಮ್ಮ," ಎಂದರು ಅಜ್ಜಿ. "ನಾರು ಅದು."

ಗೋಬಿ ಗಾಡಿಯ ವಿನೆಗರ್

ಮೀನಿನ ಮುಳ್ಳಿಗೆ ಹೊಟ್ಟೆಯಲ್ಲಿ ಅಷ್ಟು ನೀರು ತುಂಬುವುದಿಲ್ಲ. ಸೂಜಿ ಹಾಕಿ ಸ್ವಲ್ಪ ನೀರು ತೆಗೆದೆ. ಜೇನಿನ ಬಣ್ಣ, ಬೆರಳಿಗೆ ಅಂಟು. ಇದಕ್ಕೆ ಒಂದು ಹಳೆಯ ಪರೀಕ್ಷೆ ಇದೆ. ಒಂದು ಲೋಟ ಶುದ್ಧ ನೀರಿಗೆ ಒಂದು ತೊಟ್ಟು ವಿನೆಗರ್ ಬೆರೆಸಿ, ಅದರ ಮೇಲೆ ಬೆಕ್ಕಿನ ಹೊಟ್ಟೆಯ ನೀರನ್ನು ಒಂದು ಹನಿ ಬಿಡಬೇಕು. ಹನಿ ಕರಗಿಹೋದರೆ ಆ ಕಾಯಿಲೆಯಲ್ಲ ಎಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಕರಗದೆ ಲೋಳೆಯ ಹಾಗೆ ತೂಗಾಡಿದರೆ ಅನುಮಾನ ಗಟ್ಟಿ.

ನನ್ನ ವಿನೆಗರ್ ಬಾಟಲಿ ಆವತ್ತೇ ಖಾಲಿಯಾಗಿರಬೇಕೇ? ಪಕ್ಕದ ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತಂದೆ. ವಿನೆಗರ್ ಕೊಟ್ಟವನು ಕ್ಲಿನಿಕ್ಕಿನ ಮುಂದೆ ಗೋಬಿ ಮಂಚೂರಿ ಗಾಡಿ ನಿಲ್ಲಿಸುವವನು.

ಮಗನಿಗೆ ಇದನ್ನೆಲ್ಲ ನೋಡಿ ಅವಮಾನವಾಯಿತು. "ಮೇಡಂ, ಡೋಂಟ್ ಮೈಂಡ್. ಬ್ಯಾಟರಿ ನೀರು, ಗೋಬಿ ವಿನೆಗರ್... ಇದು ಸೈಂಟಿಫಿಕ್ ಅನ್ಸಲ್ಲ. ನಾನು ನೆಟ್‌ನಲ್ಲಿ ಓದಿದೀನಿ, ಮಾಲಿಕ್ಯುಲರ್ ಟೆಸ್ಟ್ ಬೇಕು."

"ಅದನ್ನೂ ಮಾಡ್ಸೋಣ. ಇದು ಮೊದಲು ಆಗ್ಲಿ."

"ಇದಕ್ಕೆ ಆ್ಯಪ್ ಇದೆಯಾ?"

ಹನಿ ಬಿಟ್ಟೆ. ಮೂವರೂ ಬಗ್ಗಿ ನೋಡಿದೆವು. ಅದು ಕರಗಲಿಲ್ಲ. ಬಿಳಿ ದಾರದಂತೆ ಇಳಿದು ಲೋಟದ ನಡುವೆ ನಿಂತುಬಿಟ್ಟಿತು. ಇತರ ಕೆಲವು ಕಾಯಿಲೆಗಳಲ್ಲೂ ಹೀಗಾಗುವುದುಂಟು, ಇನ್ನೂ ಖಾತ್ರಿಯಿಲ್ಲ ಎಂದು ಹೇಳಿದೆ. ಅಜ್ಜಿ ನನ್ನ ಮುಖವನ್ನೇ ಓದಿಕೊಂಡರು.

"ಉಳೀತೈತೇನಮ್ಮ?"

"ಕಷ್ಟ ಅಜ್ಜಿ."

ಮಗ ತಕ್ಷಣ, "ಸಫರ್ ಆಗೋ ಬದ್ಲು ಇವತ್ತೇ ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡೋಣ್ವಾ? ನಾಳೆ ಆಫೀಸಲ್ಲಿ ನನಗೆ ಸಾಫ್ಟ್‌ವೇರ್ ರಿಲೀಸ್ ಇದೆ," ಎಂದ. ಅಜ್ಜಿ ಬುಟ್ಟಿಯನ್ನು ಎದೆಗೆ ಅವುಚಿಕೊಂಡು, "ಆ ಮನ್ಯಾಗೆ ನಾ ಹೇಳಿದ್ದು ಕೇಳೋದು ಇದೊಂದೇ ಕಣೋ. ಮಲಗಿಸಬೇಕು ಅಂದ್ರೆ ನಿನ್ನ ಕಂಪ್ಯೂಟ್ರು ಮಲಗಿಸು," ಎಂದರು. ಆ ಕ್ಷಣದಿಂದ ನಾನೂ ಅಜ್ಜಿಯ ಪಕ್ಷ. ಸಿದ್ದನನ್ನು ಉಳಿಸುವ ದಾರಿ ಎಲ್ಲಾದರೂ ಇದ್ದರೆ ಹುಡುಕಿಯೇ ತೀರಬೇಕು ಎಂದು ಹಠ ಬಂತು.

ಮಾರನೆಯ ಬೆಳಿಗ್ಗೆ ಗೋಬಿ ಗಾಡಿಯವನು ಒಳಗೆ ಬಂದ. "ಮೇಡಂ, ನನ್ ವಿನೆಗರ್‌ನಲ್ಲೇ ಬೆಕ್ಕಿನ ಕಾಯಿಲೆ ಗೊತ್ತಾಯ್ತಂತೆ?"

"ಹೌದಪ್ಪ, ಉಪಕಾರ ಆಯ್ತು."

"ಹಂಗಾದ್ರೆ ಗಾಡಿ ಮೇಲೆ 'ಡಾಕ್ಟರ್ ಅಪ್ರೂವ್ಡ್' ಅಂತ ಬರೆಸ್ಕೊಳ್ಲಾ?"

ಜೋಪಾನ

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಒಂದು ಖಾಸಗಿ ಪ್ರಯೋಗಾಲಯ. ಅಲ್ಲೊಬ್ಬ ವಿಜ್ಞಾನಿ ಬೆಕ್ಕಿನ ಕೊರೊನಾದ ಮೇಲೆ ಸಂಶೋಧನೆ ಮಾಡುತ್ತಿದ್ದ. ಅವನ ಭಾಷಣವನ್ನು ಒಮ್ಮೆ ಕೇಳಿದ್ದೆ. ಬೆಕ್ಕಿನ ಬಗ್ಗೆ ಮಾತಾಡಿದ್ದು ಕಡಿಮೆ, ತನ್ನ ಮೆಷಿನ್ನಿನ ಬಗ್ಗೆ ಆಡಿದ್ದೇ ಹೆಚ್ಚು. ಇರಲಿ, ಹೊಟ್ಟೆಯ ನೀರಿನಲ್ಲಿ ವೈರಸ್ಸನ್ನೇ ಹಿಡಿಯುವ ಪರೀಕ್ಷೆ ಅವನ ಹತ್ತಿರವಿತ್ತು. ಫೋನ್ ಮಾಡಿದೆ. "ವಂಡರ್‌ಫುಲ್! ಕಳಿಸಿಕೊಡಿ ಮೇಡಂ, ವಿ ಆರ್ ವೆರಿ ಎಕ್ಸೈಟೆಡ್," ಎಂದ. ಬೆಕ್ಕೊಂದು ಸಾಯುತ್ತಿದೆ ಎಂದರೆ ವಂಡರ್‌ಫುಲ್ ಎನ್ನುವ ಜನ ಇದು.

ಕೊರಿಯರ್‌ನವರನ್ನು ನಂಬದೆ ಐಸ್ ಡಬ್ಬಿಯಲ್ಲಿ ಬಾಟಲಿ ಇಟ್ಟುಕೊಂಡು ನಾನೇ ಹೊರಟೆ. ಸರ್ಜಾಪುರ ರಸ್ತೆಯ ಟ್ರಾಫಿಕ್ಕಿನಲ್ಲಿ ಐಸ್ ಕರಗಿತು, ನಡುವೆ ನಿಲ್ಲಿಸಿ ಕಬ್ಬಿನ ಹಾಲಿನವನ ಹತ್ತಿರ ಐಸ್ ಬೇಡಿ ಹಾಕಿಸಿಕೊಂಡೆ. ಅಂತೂ ಗೇಟು ತಲುಪಿದರೆ ಸೆಕ್ಯುರಿಟಿಯವನು ತಡೆದ. ಕಾರ್ಖಾನೆ, ಕಂಪನಿಗಳಿಗೆ ಸಾಮಾನು ತೆಗೆದುಕೊಂಡು ಹೋದವರಿಗೆ ಈ ವ್ಯವಹಾರ ಗೊತ್ತಿರುತ್ತದೆ. ಒಳಗೆ ಹೋಗುವ ವಸ್ತು ವಾಪಸ್ ಬರುವುದೋ ಇಲ್ಲವೋ ಎಂದು ಗೇಟಿನಲ್ಲೇ ಹೇಳಬೇಕು.

"ಮೆಟೀರಿಯಲ್ ಏನ್ ಮೇಡಂ?"

"ಬೆಕ್ಕಿನ ಹೊಟ್ಟೆ ನೀರು."

ಅವನಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. "ರಿಟರ್ನಬಲ್ಲಾ, ನಾನ್-ರಿಟರ್ನಬಲ್ಲಾ?"

"ಅಯ್ಯೋ, ಅದನ್ನ ವಾಪಸ್ ತಗೊಂಡು ಏನ್ ಮಾಡ್ಲಿ?"

"ನಾನ್-ರಿಟರ್ನಬಲ್ ಆದ್ರೆ ಮ್ಯಾನೇಜರ್ ಸೈನ್ ಬೇಕು. ಅವ್ರು ಊಟಕ್ಕೆ ಹೋಗವ್ರೆ. ರಿಟರ್ನಬಲ್ ಅಂತ ಹಾಕ್ತೀನಿ, ಬೇಗ ಆಯ್ತದೆ."

ಐಸ್ ಮತ್ತೆ ಕರಗುತ್ತಿತ್ತು. ಏನಾದರೂ ಹಾಕಪ್ಪ ಎಂದೆ.

ಆಮೇಲೆ ಕಾದೆ. ಅಜ್ಜಿ ದಿನಾ ಬೆಳಿಗ್ಗೆ ಬಂದು, "ಬಂತೇನಮ್ಮ?" ಎಂದು ಕೇಳುತ್ತಿದ್ದರು. ಸಿದ್ದನಿಗೆ ನೋವು ಕಡಿಮೆಯಾಗಲು ಏನೇನು ಕೊಡಬಹುದೋ ಕೊಡುತ್ತಿದ್ದೆ, ಉಸಿರಾಟಕ್ಕೆ ತೊಂದರೆಯಾದಾಗ ಹೊಟ್ಟೆಯ ನೀರು ತೆಗೆಯುತ್ತಿದ್ದೆ. ವಿಜ್ಞಾನಿಗೆ ಫೋನ್ ಮಾಡಿದರೆ "ಇನ್ ಪ್ರೋಸೆಸ್" ಎಂಬ ಉತ್ತರ. ವಾರ ಕಳೆದ ಮೇಲೆ ಅವರ ಕಂಪನಿಯ ವ್ಯಾನು ನನ್ನ ಬಾಗಿಲಿಗೇ ಬಂತು. ವರದಿ ಬಂತೆಂದು ಓಡಿಹೋದೆ. ಡ್ರೈವರ್ ನನ್ನ ಐಸ್ ಡಬ್ಬಿಯನ್ನೇ ನನ್ನ ಕೈಗೆ ಕೊಟ್ಟ. ಒಳಗೆ ನನ್ನದೇ ಬಾಟಲಿ, ನಾನು ಸುತ್ತಿದ ಟೇಪು ಸುತ್ತಿದ ಹಾಗೇ ಇತ್ತು.

ಉರಿದುಹೋಯಿತು. ಫೋನ್ ಹಚ್ಚಿದೆ. ವಿಜ್ಞಾನಿ ತಣ್ಣಗೆ ಹೇಳಿದ: "ಮೇಡಂ, ಅದು ರಿಟರ್ನಬಲ್ ಅಂತ ಎಂಟ್ರಿ ಆಗಿದೆ. ಬಂದ ಕಂಡೀಷನ್‌ನಲ್ಲೇ ವಾಪಸ್ ಹೋಗ್ಬೇಕು. ನಾವು ಓಪನ್ ಮಾಡಿ ಯೂಸ್ ಮಾಡಿದ್ರೆ ಆಡಿಟ್‌ನಲ್ಲಿ ಶಾರ್ಟೇಜ್ ಬರುತ್ತೆ."

"ಹಾಗಾದ್ರೆ ಒಂದು ವಾರ ಇಟ್ಕೊಂಡು ಏನ್ರೀ ಮಾಡಿದ್ರಿ?"

"ಬಹಳ ಜೋಪಾನವಾಗಿ ನೋಡ್ಕೊಂಡ್ವಿ ಮೇಡಂ."

ಫಾರಿನ್ ಸೀರಂ

ಇವರನ್ನು ನಂಬಿ ಕೂತರೆ ಬೆಕ್ಕಿನ ತಿಥಿಯೇ ಗತಿ ಎಂದು ನಾನೇ ತೀರ್ಮಾನಕ್ಕೆ ಬಂದೆ. ಬಿಡದ ಜ್ವರ, ರಕ್ತದ ಪರೀಕ್ಷೆ, ಹೊಟ್ಟೆಯ ನೀರಿನ ಬಣ್ಣ, ತೂಗಾಡಿದ ಹನಿ, ಎಲ್ಲವೂ ಒಂದೇ ಕಡೆ ಬೆರಳು ತೋರಿಸುತ್ತಿದ್ದವು. ಇದು ಅದೇ ಕಾಯಿಲೆ.

ಅದೇ ಹೊತ್ತಿಗೆ ಹೊರದೇಶದಲ್ಲಿ ಒಂದು ಔಷಧದ ಪ್ರಯೋಗ ನಡೆದು, ಸಾಯಬೇಕಿದ್ದ ಬೆಕ್ಕುಗಳು ಎದ್ದು ಓಡಾಡಿದ ಸುದ್ದಿಯನ್ನು ನಾವು ಪ್ರಾಣಿವೈದ್ಯರು ಬಾಯಿ ಬಿಟ್ಟುಕೊಂಡು ಓದುತ್ತಿದ್ದೆವು. ಆದರೆ ಅಂಗಡಿಯಲ್ಲಿ ಸಿಗುವ ಔಷಧ ಅದಾಗಿರಲಿಲ್ಲ. ಕದ್ದುಮುಚ್ಚಿ ತಯಾರಿಸುವವರು ಮುಖಕ್ಕೆ ಹಚ್ಚುವ ಸೀರಂ ಎಂದು ಲೇಬಲ್ ಅಂಟಿಸಿ ಕಳಿಸುತ್ತಿದ್ದರು. ನಾನು ಬರೆದುಕೊಡುವ ಹಾಗಿಲ್ಲ, ಗುಣವಾಗುತ್ತದೆಂದು ಮಾತು ಕೊಡುವ ಹಾಗೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಮಗನಿಗೆ ಹೇಳಿದೆ. ಅವನು ತಲೆ ಕೆರೆದುಕೊಂಡ. ಅಮ್ಮ ಊಟ ಬಿಟ್ಟಿದ್ದಾರೆ ಮೇಡಂ ಎಂದ. ಆ ಮಾತು ಹೇಳುವಾಗ ಅವನ ಕಿವಿಯಲ್ಲಿ ಫೋನ್ ಇರಲಿಲ್ಲ. ಕೊನೆಗೆ ಅವನ ಗೆಳೆಯನೊಬ್ಬ ವಿದೇಶದಿಂದ ಬರುವಾಗ ಸಣ್ಣ ಸಣ್ಣ ಬಾಟಲಿಗಳನ್ನು ತಂದ.

ದಿನಾ ಒಂದು ಇಂಜೆಕ್ಷನ್. ಮೊದಲ ಕೆಲವು ನಾನು ಕೊಟ್ಟೆ. ಚುಚ್ಚಿದರೆ ವಿಪರೀತ ಉರಿಯುವ ಔಷಧ ಅದು, ಪಾಪ, ಸಿದ್ದ ಕಿರುಚುತ್ತಿದ್ದ. ಅಜ್ಜಿ ಅವನನ್ನು ಮಡಿಲಲ್ಲಿ ಹಿಡಿದು, "ಆತು ಆತು ನನ್ನಪ್ಪ," ಎನ್ನುತ್ತ ತಾವೂ ಅಳುತ್ತಿದ್ದರು. ವಾರದೊಳಗೆ ಜ್ವರ ಬಿಟ್ಟಿತು. ಹೊಟ್ಟೆ ಇಳಿಯತೊಡಗಿತು. ನಾನು ಥರ್ಮಾಮೀಟರನ್ನು ಮೂರು ಸಲ ಒರೆಸಿ ಒರೆಸಿ ನೋಡಿದೆ. ಅಷ್ಟು ಸಂತೋಷ ನನಗೆ ಡಿಗ್ರಿ ತಗೊಂಡ ದಿನವೂ ಆಗಿರಲಿಲ್ಲ.

ಹೀಗೆ ಒಳ್ಳೆಯದಾಗುತ್ತಿರುವಾಗ ಒಂದು ಬೆಳಿಗ್ಗೆ ಮಗನ ಫೋನು. "ಮೇಡಂ, ಒಂದು ಬಾಟಲಿ ಕಾಣ್ತಿಲ್ಲ! ಫ್ರಿಜ್‌ನಲ್ಲೇ ಇತ್ತು!" ಒಂದು ದಿನವೂ ತಪ್ಪಿಸುವ ಹಾಗಿಲ್ಲದ ಔಷಧ. ಓಡಿದೆ. ಮನೆಯವರೆಲ್ಲ ಹುಡುಕುತ್ತಿದ್ದರು. ಸೊಸೆ ಮಾತ್ರ ಮುಖವನ್ನೆಲ್ಲ ಟೊಮೆಟೊ ಹಣ್ಣಿನ ಹಾಗೆ ಕೆಂಪಗೆ ಮಾಡಿಕೊಂಡು, ಫ್ಯಾನಿನ ಕೆಳಗೆ ಕಣ್ಣು ಮುಚ್ಚಿ ಕೂತಿದ್ದಳು.

"ಇದೇನಮ್ಮ ಮುಖಕ್ಕೆ?"

"ಫಾರಿನ್ ಸೀರಂ ಮೇಡಂ. ಇವ್ರು ನನಗೇ ಅಂತ ತರ್ಸಿ ಸರ್‌ಪ್ರೈಸ್ ಕೊಡೋಕೆ ಫ್ರಿಜ್‌ನಲ್ಲಿ ಬಚ್ಚಿಟ್ಟಿದ್ರು. ಮುಚ್ಚಳ ತೆಗೆಯೋಕೆ ಇಕ್ಕಳ ಬೇಕಾಯ್ತು. ಸ್ವಲ್ಪ ಉರೀತಿದೆ, ಆದ್ರೆ ಉರಿದಷ್ಟೂ ಗ್ಲೋ ಬರುತ್ತಂತೆ."

ಅತ್ತೆಯ ಬೆಕ್ಕಿಗೆ ಔಷಧಿ ಬಂದಿದೆ ಎನ್ನುವುದು ಅದೇ ಮನೆಯ ಸೊಸೆಗೆ ಗೊತ್ತಿಲ್ಲ! ಒಂದೇ ಮನೆಯಲ್ಲಿದ್ದು ಒಬ್ಬರಿಗೊಬ್ಬರು ಮೆಸೇಜಿನಲ್ಲಿ ಮಾತಾಡುವವರ ಹಣೆಬರಹ. ಮಗ ತಲೆಯ ಮೇಲೆ ಕೈ ಹೊತ್ತು ಕೂತ. ನಾನು ಸೊಸೆಗೆ ಮುಖ ತೊಳೆದುಕೋ ಎಂದೆ. ಅಜ್ಜಿ ತಡೆದರು. ಸಿದ್ದನನ್ನು ಎತ್ತಿಕೊಂಡು ಬಂದು ಸೊಸೆಯ ಎದುರು ಕೂತರು.

"ತೊಳೀಬ್ಯಾಡ ತಾಯಿ, ಹಂಗೇ ಕೂತ್ಕೋ. ಹೋದಷ್ಟು ಹೋಯ್ತು, ಇರೋಷ್ಟು ನೆಕ್ಕಿಸ್ತೀನಿ."

ಮೂವತ್ತೇಳನೇ ಬೆಕ್ಕು

ಮಿಕ್ಕ ಬಾಟಲಿಗಳಿಗೆ ಅಜ್ಜಿ ಬೀಗ ಹಾಕಿದರು. ಚಿಕಿತ್ಸೆ ಪೂರ್ತಿಯಾಯಿತು. ಸಿದ್ದ ಮೈ ತುಂಬಿಕೊಂಡು, ಹಳೇ ಠೀವಿಯಲ್ಲಿ ಕಾಂಪೌಂಡಿನ ಮೇಲೆ ಓಡಾಡತೊಡಗಿದ. 'ಕಾಯಿಲೆ ಬೆಕ್ಕು' ಓಡಾಡುತ್ತಿರುವುದು ಕಾರ್ಯದರ್ಶಿಯ ಕಣ್ಣಿಗೆ ಬಿತ್ತು. ಸಿದ್ದ ಅಪಾರ್ಟ್‌ಮೆಂಟ್ ಬಿಟ್ಟು ಹೋಗಬೇಕೆಂದು ಸಭೆಯಲ್ಲಿ ಠರಾವು ಮಾಡಿಸುತ್ತೇನೆ ಎಂದು ಹೊರಟರು. ಅಜ್ಜಿ, "ಅದು ಹೋದ್ರೆ ನಾನೂ ಹೋಗ್ತೀನಿ," ಎಂದು ಮಗನಿಗೆ ಹೇಳಿ, ನಿಜವಾಗಿಯೂ ಸೀರೆಗಳನ್ನು ಮಡಿಸಿ ಟ್ರಂಕಿಗೆ ಹಾಕಿದರು. ಸಾವಿನ ಬಾಯಿಂದ ಬಂದ ಬೆಕ್ಕು ಠರಾವಿನ ಬಾಯಿಗೆ ಬೀಳುವುದೆಂದರೆ ನನಗೂ ಸಿಟ್ಟು ಬಂತು.

ಕಾರ್ಯದರ್ಶಿಗೆ ಠರಾವಿಗೆ ಮುಂಚೆ ಡೇಟಾ ಬೇಕು. ಅದೇ ವಿಜ್ಞಾನಿಯನ್ನು ಹಿಡಿದರು. ಅವನಿಗೂ ಪ್ರಬಂಧ ಬರೆಯಲು ಬೆಕ್ಕುಗಳು ಬೇಕಿದ್ದವು. ಬೆಕ್ಕಿನ ಮಲದಲ್ಲಿ ಈ ವೈರಸ್ ಸಿಗುತ್ತದೆ. ಅವನು ನಂಬರ್ ಹಾಕಿದ ಐವತ್ತು ಪುಟ್ಟ ಡಬ್ಬಿಗಳನ್ನು ಕಳಿಸಿದ. ಕಾರ್ಯದರ್ಶಿ ಅವನ್ನು ವಾಚ್‌ಮನ್ ಕೈಗೆ ಕೊಟ್ಟು, ಬೆಕ್ಕುಗಳದ್ದು ತುಂಬಿಸಿಡು ಎಂದು ಹೇಳಿ ಆಫೀಸಿಗೆ ಹೋದರು. ವಾಚ್‌ಮನ್ ಯಾದಗಿರಿ ಕಡೆಯವನು. ಕೆಲಸ ಹೇಳಿದರೆ ಯಾಕೆಂದು ಕೇಳುವವನೂ ಅಲ್ಲ, ಮೈ ಮುರಿದು ಮಾಡುವವನೂ ಅಲ್ಲ. ಡಬ್ಬಿಗಳು ತುಂಬಿದವು, ಎಲೆಕ್ಟ್ರಾನಿಕ್ ಸಿಟಿಗೆ ಹೋದವು. ಈ ಸಲ ಗೇಟಿನಲ್ಲಿ ಯಾರೂ ರಿಟರ್ನಬಲ್ ಎಂದು ಬರೆಯಲಿಲ್ಲವೆಂದು ಕಾಣುತ್ತದೆ.

ಭಾನುವಾರ ಸಭೆ. ಕ್ಲಬ್‌ಹೌಸಿನ ತುಂಬ ಜನ, ಮುಂದೆ ದೊಡ್ಡ ಪರದೆ. ವಿಜ್ಞಾನಿಗೆ ಹೊದಿಸಲು ಶಾಲು, ಹಣ್ಣಿನ ಬುಟ್ಟಿ ಮೇಜಿನ ಮೇಲಿದ್ದವು. ನನ್ನನ್ನೂ ಕರೆದು ಕೊನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ್ದರು. ಅಜ್ಜಿ ಮೊದಲ ಸಾಲಿನಲ್ಲಿ, ಸೆರಗಿನೊಳಗೆ ಸಿದ್ದ.

ವಿಜ್ಞಾನಿ ಬಣ್ಣ ಬಣ್ಣದ ಚಿತ್ರಗಳನ್ನು ತೋರಿಸಿದ. "ಈ ಕಾಂಪ್ಲೆಕ್ಸ್‌ನ ಐವತ್ತು ಬೆಕ್ಕುಗಳ ಅಧ್ಯಯನದಿಂದ ತಿಳಿದಿದ್ದೇನೆಂದರೆ, ನಲವತ್ತೊಂಬತ್ತು ಬೆಕ್ಕುಗಳಲ್ಲಿ ವೈರಸ್ ಇದೆ. ಆಶ್ಚರ್ಯ ಅಂದರೆ ಎಲ್ಲವೂ ಒಂದೇ ಥರದ ವೈರಸ್. ಅಂದರೆ ಒಂದೇ ಮೂಲದಿಂದ ಬಂದಿದೆ."

ಕಾರ್ಯದರ್ಶಿ ಸಿದ್ದನ ಕಡೆ ಬೆರಳು ತೋರಿಸಿ, "ಆ ಮೂಲ ಇಲ್ಲೇ ಕೂತಿದೆ," ಎಂದರು. ಸಭೆಯಲ್ಲಿ ಗುಸುಗುಸು.

"ಆದರೆ," ವಿಜ್ಞಾನಿಯ ದನಿ ಭಕ್ತಿಯಿಂದ ಇಳಿಯಿತು, "ಒಂದೇ ಒಂದು ಬೆಕ್ಕು ಸಂಪೂರ್ಣ ಶುದ್ಧ. ಮೂವತ್ತೇಳನೇ ನಂಬರ್. ವೈರಸ್ ಲವಲೇಶವೂ ಇಲ್ಲ. ಜೀರ್ಣಶಕ್ತಿ ಅದ್ಭುತ. ಸ್ಯಾಂಪಲ್ಲಿನ ಗಾತ್ರ ನೋಡಿ!" ಪರದೆಯ ಮೇಲೆ ಮುಚ್ಚಳ ಹಾಕಲಾಗದೆ ಟೇಪು ಸುತ್ತಿದ ಒಂದು ಡಬ್ಬಿಯ ಚಿತ್ರ ಬಂತು. "ನನ್ನ ಇಡೀ ವೃತ್ತಿಜೀವನದಲ್ಲಿ ಇಂಥ ಆರೋಗ್ಯವಂತ ಬೆಕ್ಕನ್ನು ನೋಡಿಲ್ಲ. ಇದರ ಮೇಲೆ ಪ್ರತ್ಯೇಕ ಸಂಶೋಧನೆ ಆಗಬೇಕು."

ನಾನು ಆ ಡಬ್ಬಿಯನ್ನು ನೋಡಿದೆ. ನನ್ನ ವೃತ್ತಿಜೀವನದಲ್ಲೂ ನೋಡಿರಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ ಕಾರ್ಯದರ್ಶಿ ಎದ್ದು ನಿಂತರು. "ಇದು ನಮ್ಮ ಕಾಂಪ್ಲೆಕ್ಸ್‌ಗೇ ಹೆಮ್ಮೆ. ಬೆಕ್ಕು ಸಾಕೋದು ಅಂದ್ರೆ ಹೀಗೆ ಸಾಕ್ಬೇಕು. ಕೆಲವರು ನೋಡಿ ಕಲೀಬೇಕು. ಆ ಮಾಲೀಕರಿಗೆ ಈ ಸಭೆಯಲ್ಲೇ ಶಾಲು ಹೊದಿಸಿ ಸನ್ಮಾನ ಮಾಡೋಣ, ಆಮೇಲೆ ಠರಾವು. ಯಾರದು ಮೂವತ್ತೇಳು?"

ಯಾರೂ ಏಳಲಿಲ್ಲ. ಅಜ್ಜಿ ಮಾತ್ರ ಕೂತಲ್ಲಿಂದಲೇ ಕೇಳಿದರು. "ಅಲ್ಲಪ್ಪಾ, ಈ ವಠಾರದಾಗೆ ಇರೋದೇ ಏಳೋ ಎಂಟೋ ಬೆಕ್ಕು. ಐವತ್ತು ಎಲ್ಲಿಂದ ಬಂದ್ವು?"

ಸಭೆ ವಿಜ್ಞಾನಿಯನ್ನು ನೋಡಿತು. ವಿಜ್ಞಾನಿ ಕಾರ್ಯದರ್ಶಿಯನ್ನು ನೋಡಿದ. ಕಾರ್ಯದರ್ಶಿ ಬಾಗಿಲ ಹತ್ತಿರ ನಿಂತಿದ್ದ ವಾಚ್‌ಮನ್‌ನನ್ನು ಕರೆದು, "ಏನಯ್ಯಾ, ಐವತ್ತು ಬೆಕ್ಕಿಂದು ತುಂಬಿಸಿದೆ ತಾನೇ?" ಎಂದರು.

"ಡಬ್ಬಿ ಐವತ್ತು ಕೊಟ್ಟಿದ್ರಿ ಸಾಹೇಬ್ರ," ಎಂದ ಅವನು. "ಬೆಕ್ಕು ಐವತ್ತು ಕೊಟ್ಟಿದ್ದಿಲ್ರಿ."

"ಮತ್ತೆ ಎಲ್ಲಿಂದ ತುಂಬಿಸಿದೆ?"

"ಹಿಂದ ಕಟ್ಟಡದ ಮರಳಿನ ಗುಡ್ಡಿ ಐತಲ್ರಿ. ಕಿತ್ತಳಿ ಬೆಕ್ಕು ಅಲ್ಲೇ ಬರತೈತ್ರಿ. ಒಂದ ಸಲಾ ಜರಡಿ ಹಿಡದೆ, ಎಲ್ಲಾ ಡಬ್ಬಿ ತುಂಬಿದ್ವು. ಒಂದ ಉಳೀತ್ರಿ."

ವಿಜ್ಞಾನಿಯ ನಲವತ್ತೊಂಬತ್ತು ಬೆಕ್ಕುಗಳು ಒಂದೇ ಬೆಕ್ಕಾಗಿ, ಅಜ್ಜಿಯ ಮಡಿಲಲ್ಲಿ ಆಕಳಿಸಿದವು. ಹಿಂದಿನ ಸಾಲುಗಳಲ್ಲಿ ನಗು ಶುರುವಾಯಿತು. ನಾನಂತೂ ನಾಚಿಕೆ ಬಿಟ್ಟು ನಗುತ್ತಿದ್ದೆ. ವಿಜ್ಞಾನಿ ಬೆವರು ಒರೆಸಿಕೊಂಡು, "ಆದರೆ ಮೂವತ್ತೇಳು? ಮೂವತ್ತೇಳು ಬೇರೆಯೇ ಬೆಕ್ಕು! ಅದು ಯಾವುದು?" ಎಂದು ಮುಳುಗುವವನ ಹಾಗೆ ಕೂಗಿದ.

ವಾಚ್‌ಮನ್ ಪರದೆಯ ಹತ್ತಿರ ಹೋಗಿ ಟೇಪು ಸುತ್ತಿದ ಡಬ್ಬಿಯನ್ನು ನೋಡಿದ. ಗುರುತು ಸಿಕ್ಕ ಸಂತೋಷದಲ್ಲಿ ಕಾರ್ಯದರ್ಶಿಯ ಕಡೆ ತಿರುಗಿದ.

"ಇದು ಬೆಕ್ಕಿಂದಲ್ರೀ. ಉಳಿದ ಡಬ್ಬಿ ಖಾಲಿ ಕಳಸಬಾರದಂತ ಹಾಕಿದ್ದೆ. ದಿನಾ ನಸುಕಿನ್ಯಾಗ ಯಾರೂ ಏಳೂದ್ರಾಗ ನೀವ ಹಗ್ಗಾ ಹಿಡ್ಕೊಂಡು ಅದ ಗುಡ್ಡಿಗೆ ಬರ್ತೀರಲ್ರಿ ಸಾಹೇಬ್ರ, ಆ ನಿಮ್ಮ ನಾಯಿದು."

ಕ್ಲಬ್‌ಹೌಸಿನ ಗೋಡೆಯ ಮೇಲೆ, ಪರದೆಯ ಪಕ್ಕದಲ್ಲೇ, ನಾಯಿಯನ್ನು ಕಂಡಕಂಡಲ್ಲಿ ಹೊರಕಡೆಗೆ ಕೂರಿಸುವವರಿಗೆ ದಂಡ ಎಂಬ ನೋಟೀಸು ಅಂಟಿಸಿತ್ತು. ಕೆಳಗೆ ಕಾರ್ಯದರ್ಶಿಯ ರುಜು. ಮಕ್ಕಳು ಮೊದಲು ಓದಿದರು, ಆಮೇಲೆ ಎಲ್ಲರೂ ಓದಿದರು. ಕಾರ್ಯದರ್ಶಿ ಕಾಗದಗಳನ್ನು ಬಾಚಿಕೊಂಡು, "ಬೆಕ್ಕಿನ ವಿಷಯ ಕೈಬಿಡಲಾಗಿದೆ. ಸಭೆ ಮುಗೀತು," ಎಂದು ಗೊಣಗಿ ಬಾಗಿಲ ಕಡೆ ಹೆಜ್ಜೆ ಹಾಕಿದರು.

ಅಜ್ಜಿ ಎದ್ದು ದಾರಿಗೆ ಅಡ್ಡ ನಿಂತರು. ಒಂದು ಕೈಯಲ್ಲಿ ಸಿದ್ದ, ಇನ್ನೊಂದು ಕೈಯಲ್ಲಿ ಮೇಜಿನಿಂದ ಎತ್ತಿಕೊಂಡ ಶಾಲು.

"ಎಲ್ಲಿಗೆ ಹೊಂಟ್ಯಪ್ಪಾ, ಸನ್ಮಾನ ಬಿಟ್ಟು? ಸ್ವಲ್ಪ ಬಗ್ಗು, ಹೊದಿಸ್ತೀನಿ."